ಬೆಳಿಗ್ಗೆ ಪಿಲಿಕುಳ, ಸಂಜೆ ತಣ್ಣೀರುಬಾವಿ: ಮನೆಮಂದಿಯೆಲ್ಲ ಹೋಗಿಬರಲು ಒಂದು ದಿನದ ದಾರಿ

ನಾನು ಪುತ್ತೂರಿನಲ್ಲಿ ಟೈಲರ್. ಭಾನುವಾರ ಅಂಗಡಿಗೆ ರಜೆ. ಮಕ್ಕಳಿಗೆ ದಸರಾ ರಜೆಯೋ ಕ್ರಿಸ್‌ಮಸ್ ರಜೆಯೋ ಸಿಕ್ಕಿದರೆ ಬೆಂಗಳೂರಿನಿಂದ ನಾದಿನಿ ತನ್ನ ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಅವಳ ಮೊಬೈಲಿನಲ್ಲಿ ಒಂದು ಪಟ್ಟಿಯೂ ಬರುತ್ತದೆ. ಪಿಲಿಕುಳ, ಕದ್ರಿ, ಕುದ್ರೋಳಿ, ಪಣಂಬೂರು, ಸುರತ್ಕಲ್ ಲೈಟ್‌ಹೌಸ್, ಒಂದು ಮಾಲ್, ಕೊನೆಗೆ ಗಡ್‌ಬಡ್ ಐಸ್‌ಕ್ರೀಮ್. ಎಲ್ಲವೂ ಒಂದೇ ದಿನ! ಹಟ ಹಿಡಿದರೆ ಮುಗಿಸಬಹುದು. ಆದರೆ ಆ ದಿನ ನೀವು ನೋಡುವುದು ಪಾರ್ಕಿಂಗ್ ಜಾಗಗಳನ್ನು ಮಾತ್ರ.

ನನ್ನ ಲೆಕ್ಕ ಬೇರೆ. ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆ ಇದ್ದಾರೆ, ಐದು ವರ್ಷದ ಸಣ್ಣವನಿದ್ದಾನೆ. ಇವರಿಬ್ಬರಿಗೆ ಎಷ್ಟು ಆಗುತ್ತದೋ ಆ ದಿನದ ಅಳತೆ ಅಷ್ಟೇ. ಹಾಗಾಗಿ ಪಟ್ಟಿಯಲ್ಲಿ ಎರಡೇ ಜಾಗ ಉಳಿಸುತ್ತೇನೆ: ಬೆಳಿಗ್ಗೆ ಮಂಗಳೂರಿನ ಹತ್ತಿರ ಮೃಗಾಲಯವಿರುವ ಪಿಲಿಕುಳ ನಿಸರ್ಗಧಾಮ, ಸಂಜೆ ತಣ್ಣೀರುಬಾವಿಯ ಕಡಲು. ಪಿಲಿಕುಳದಲ್ಲೂ ಅರ್ಧ ಬಿಟ್ಟೇ ಬರುತ್ತೇವೆ. ಬಿಟ್ಟದ್ದು ಮುಂದಿನ ರಜೆಗೆ ಇರುತ್ತದೆ, ಓಡಿಹೋಗುವುದಿಲ್ಲ.

ಈ ಕ್ರಮವನ್ನು ಮಾತ್ರ ತಿರುಗಿಸಬೇಡಿ. ಮೊದಲು ಕಡಲಿಗೆ ಹೋದರೆ ಮಕ್ಕಳು ನೆನೆದು, ಮೈಯೆಲ್ಲ ಮರಳು ಮಾಡಿಕೊಂಡು, ಉಪ್ಪುನೀರಿನ ತುರಿಕೆಯಲ್ಲಿ ಇಡೀ ಮಧ್ಯಾಹ್ನ ಕಿರಿಕಿರಿ ಮಾಡುತ್ತಾರೆ. ಮೃಗಾಲಯಕ್ಕೆ ಮಧ್ಯಾಹ್ನ ಹೋದರೆ ಕಾಣುವುದು ಮಲಗಿದ ಪ್ರಾಣಿಗಳ ಬೆನ್ನು. ಹುಲಿ, ಸಿಂಹ ಹಗಲಿನ ಹೆಚ್ಚು ಹೊತ್ತನ್ನು ನಿದ್ದೆಯಲ್ಲೇ ಕಳೆಯುತ್ತವೆ. ಬೆಳಗಿನ ತಂಪಿನಲ್ಲಿ ಮಾತ್ರ ಸ್ವಲ್ಪ ಓಡಾಟ. ಕಡಲಿನ ಬದಿಯಲ್ಲಿ ಹನ್ನೆರಡರಿಂದ ಮೂರರವರೆಗೆ ಮರಳು ಕಾಲಿಡಲಾಗದಷ್ಟು ಕಾಯುತ್ತದೆ. ಬೆಳಿಗ್ಗೆ ಕಾಡಿನ ಕಡೆ, ಸಂಜೆ ಕಡಲಿನ ಕಡೆ ಎಂದರೆ ಎರಡೂ ಕಡೆ ಬಿಸಿಲು ತಪ್ಪುತ್ತದೆ.

ಯಾವಾಗ ಹೋಗಬೇಕು

ಅಕ್ಟೋಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಮಾರ್ಚ್ ನಂತರ ಮಂಗಳೂರಿನ ಬೆವರು ಗೊತ್ತಲ್ಲ, ಬೆಂಗಳೂರಿನ ಮಕ್ಕಳು ಎರಡು ಗಂಟೆಯಲ್ಲಿ ಬಾಡಿಹೋಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ಮಾತೇ ಬೇಡ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ನಿಷೇಧ. ಮೀನು ಮರಿ ಮಾಡುವ ಕಾಲ ಎಂಬುದು ಒಂದು ಕಾರಣ, ಕಡಲು ಒರಟಾಗಿರುತ್ತದೆ ಎಂಬುದು ಇನ್ನೊಂದು. ಹುಟ್ಟಿದಂದಿನಿಂದ ಕಡಲು ನೋಡಿದವರೇ ದಡದಲ್ಲಿ ದೋಣಿ ಕಟ್ಟಿ ಕೂತಿರುವಾಗ ನಾವು ಮಕ್ಕಳನ್ನು ಕರೆದುಕೊಂಡು ನೀರಿಗಿಳಿಯುವುದು ಎಂಥ ಧೈರ್ಯ?

ವಾರದಲ್ಲಿ ಸೋಮವಾರ ಬೇಡ, ಪಿಲಿಕುಳದ ಮೃಗಾಲಯಕ್ಕೆ ರಜೆ. ಭಾನುವಾರ ಸಂಜೆ ಕಡಲಿನ ಬದಿ ಜನವೋ ಜನ. ಶನಿವಾರ ಸಿಕ್ಕರೆ ಚೆನ್ನ. ನನ್ನಂತೆ ಭಾನುವಾರವೇ ಗತಿ ಎನ್ನುವವರು ಬೇಗ ಹೊರಡಿ.

ಇನ್ನೊಂದು ನೋಡಿಕೊಳ್ಳಬೇಕಾದದ್ದು ಕಡಲಿನ ಭರತ, ಇಳಿತ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ಪ್ರತಿದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಏರಿಳಿತ ಜಾಸ್ತಿ. ಮಂಗಳೂರಿನ ವೇಳೆ ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ. ಸಂಜೆ ನಾಲ್ಕರಿಂದ ಆರರ ನಡುವೆ ಇಳಿತ ಬೀಳುವ ದಿನವನ್ನು ಆರಿಸಿಕೊಂಡರೆ ಆಡಲು ಅಗಲವಾದ ಒದ್ದೆ ಮರಳು ಸಿಗುತ್ತದೆ, ಏಡಿ, ಚಿಪ್ಪು ಎಲ್ಲ ಕಾಣುತ್ತವೆ. ಮದುವೆಗೆ ಮುಹೂರ್ತ ನೋಡುತ್ತೇವೆ, ಇದಕ್ಕೆ ಎರಡು ನಿಮಿಷ ಮೊಬೈಲ್ ನೋಡಬಹುದಲ್ವಾ?

ಬಟ್ಟೆ: ಇದು ನನ್ನ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ

ಜೀನ್ಸ್ ಬೇಡವೇ ಬೇಡ. ನೆನೆದ ಜೀನ್ಸ್ ಆ ದಿನ ಒಣಗುವುದಿಲ್ಲ. ಉಪ್ಪುನೀರು ಕುಡಿದ ದಪ್ಪ ಹೊಲಿಗೆ ಮಕ್ಕಳ ತೊಡೆಸಂದಿಯನ್ನು ತರಚಿಬಿಡುತ್ತದೆ, ರಾತ್ರಿ ಉರಿ ಎಂದು ಅಳುತ್ತಾರೆ. ಒಳಗೆ ಅಸ್ತರು ಕೊಟ್ಟ ಫ್ರಾಕೂ ಬೇಡ. ಅಸ್ತರಿಗೂ ಮೇಲಿನ ಬಟ್ಟೆಗೂ ನಡುವೆ ಮರಳು ಸೇರಿದರೆ ತೆಗೆಯುವ ದಾರಿಯಿಲ್ಲ. ಸೈಡ್ ಪಾಕೆಟ್ ಇರುವ ಚಡ್ಡಿಯಾದರೆ ಪಾಕೆಟಿನ ಬಾಯಿಗೆ ಮೊದಲೇ ನಾಲ್ಕು ಕಚ್ಚಾ ಹೊಲಿಗೆ ಹಾಕಿ ಮುಚ್ಚಿಬಿಡಿ, ವಾಪಸ್ ಬಂದ ಮೇಲೆ ಬಿಚ್ಚಿದರಾಯಿತು. ಇಲ್ಲದಿದ್ದರೆ ಅರ್ಧ ತಣ್ಣೀರುಬಾವಿ ಆ ಪಾಕೆಟಿನಲ್ಲೇ ಮನೆಗೆ ಬರುತ್ತದೆ.

ಬಣ್ಣ ನೋಡಿ. ನೀಲಿ, ಬೂದು, ತಿಳಿ ಹಸಿರು ಬಟ್ಟೆ ತೊಟ್ಟ ಮಗು ನೀರಿನಲ್ಲಿ ಕಾಣುವುದಿಲ್ಲ. ಕಿತ್ತಳೆ, ಕಡು ಗುಲಾಬಿ, ಕಣ್ಣು ಕುಕ್ಕುವ ಹಳದಿ ಹಾಕಿ. ಚೆನ್ನಾಗಿ ಕಾಣುತ್ತದೋ ಇಲ್ಲವೋ ಎಂಬ ಯೋಚನೆ ಆ ದಿನ ಬೇಡ, ದೂರದಿಂದ ಕಂಡರೆ ಸಾಕು. ಮುಂಗೈಯಲ್ಲಿ ಪೆನ್ನಿನಿಂದ ನಿಮ್ಮ ಫೋನ್ ನಂಬರ್ ಬರೆಯಿರಿ. ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಂಡರೆ ಅಮ್ಮನ ನಂಬರ್ ಬಾಯಿಪಾಠ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ಬಟ್ಟೆ ಬದಲಿಸಲು ಕೋಣೆ ಸಿಕ್ಕರೂ ಸಾಲು ಇರುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ, ಮನೆಯಲ್ಲಿ ಹೊಲಿಗೆ ಮೆಷಿನ್ ಇದ್ದವರು ಅರ್ಧ ಗಂಟೆಯಲ್ಲಿ ಮಾಡಬಹುದು. ಎರಡು ದೊಡ್ಡ ಬೈರಾಸು, ಅಂದರೆ ತೆಳು ಟವೆಲು, ತೆಗೆದುಕೊಳ್ಳಿ. ಒಂದರ ಮೇಲೊಂದು ಇಟ್ಟು ಎರಡೂ ಉದ್ದದ ಬದಿಗಳನ್ನು ಹೊಲಿಯಿರಿ. ಮೇಲಿನ ಅಂಚನ್ನು ಒಂದು ಇಂಚು ಮಡಚಿ, ಲಂಗಕ್ಕೆ ಲಾಡಿ ಓಡಿಸಲು ನೇಫಾ ಮಾಡಿದ ಹಾಗೆ ಮಾಡಿ, ಒಳಗೆ ಎಲಾಸ್ಟಿಕ್ ಓಡಿಸಿ. ತಲೆ ಸಲೀಸಾಗಿ ಹೋಗುವಷ್ಟು ಸಡಿಲ ಇರಲಿ. ಕುತ್ತಿಗೆಯಿಂದ ಕೆಳಗೆ ಇಳಿಬಿಟ್ಟರೆ ಒಳಗೇ ಕೈಯಾಡಿಸಿ ಒದ್ದೆ ಬಟ್ಟೆ ತೆಗೆಯಬಹುದು, ಮೈ ಒರೆಸಿಕೊಳ್ಳಬಹುದು, ಒಣ ಬಟ್ಟೆ ಹಾಕಬಹುದು. ಹದಿಮೂರು ತುಂಬಿದ ಮಗಳಿಗೆ ಇದರಿಂದ ಎಷ್ಟು ಸಮಾಧಾನವಾಯಿತು ಎಂದರೆ ಈಗ ಅವಳೇ ಮೊದಲು ಬ್ಯಾಗಿಗೆ ಹಾಕುತ್ತಾಳೆ. ದಪ್ಪ ಟರ್ಕಿ ಟವೆಲಿನಲ್ಲಿ ಮಾಡಬೇಡಿ. ಭಾರ, ಒಣಗುವುದೂ ಇಲ್ಲ.

ಕೂರಲು ಬೆಡ್‌ಶೀಟ್ ಒಯ್ಯುವವರೇ ಹೆಚ್ಚು. ಹತ್ತಿ ಬಟ್ಟೆ ಮರಳನ್ನು ಹಿಡಿದುಕೊಂಡುಬಿಡುತ್ತದೆ. ಹಳೆಯ ನೈಲೆಕ್ಸ್ ಅಥವಾ ಪಾಲಿಯೆಸ್ಟರ್ ಸೀರೆ ಒಯ್ಯಿರಿ. ಎರಡು ಮಡಿಕೆ ಮಾಡಿ ಹಾಸಿದರೆ ಆರು ಜನ ಕೂರಬಹುದು, ಎದ್ದು ಎರಡು ಸಲ ಕೊಡವಿದರೆ ಮರಳೆಲ್ಲ ಉದುರುತ್ತದೆ. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಚಪ್ಪಲಿ ಇಡಿ.

ಉಳಿದಂತೆ: ಒಬ್ಬೊಬ್ಬರಿಗೆ ಒಂದು ಜೊತೆ ಒಣ ಬಟ್ಟೆ, ಒದ್ದೆ ಬಟ್ಟೆಗೆ ಖಾಲಿ ಅಕ್ಕಿ ಚೀಲ, ಒಂದು ಡಬ್ಬಿ ಟಾಲ್ಕಂ ಪೌಡರ್, ಕಾಲು ತೊಳೆಯಲು ದೊಡ್ಡ ಬಾಟಲಿಯಲ್ಲಿ ಸಿಹಿನೀರು, ಟೋಪಿ, ಅತ್ತೆಗೆ ಮಡಚುವ ಸ್ಟೂಲ್. ಪೌಡರ್ ಯಾಕೆಂದರೆ, ಒಣಗಿದ ಕಾಲಿಗೆ ಪೌಡರ್ ಹಚ್ಚಿ ಒರೆಸಿದರೆ ಅಂಟಿದ ಮರಳು ತಾನಾಗಿ ಬಿಡುತ್ತದೆ.

ಹೊರಡುವುದು

ಪುತ್ತೂರಿನಿಂದ ಆರೂವರೆ, ತಡವೆಂದರೆ ಏಳಕ್ಕೆ ಹೊರಡುತ್ತೇವೆ. ಕಲ್ಲಡ್ಕದಲ್ಲಿ ದೊಡ್ಡವರಿಗೆ ಕೆ.ಟಿ., ಅಂದರೆ ಕಲ್ಲಡ್ಕ ಟೀ. ಲೋಟದಲ್ಲಿ ಹಾಲು ಕೆಳಗೆ, ಚಾ ಮೇಲೆ ಬೇರೆ ಬೇರೆಯಾಗಿ ನಿಂತದ್ದನ್ನು ನೋಡಲು ಮಕ್ಕಳಿಗೆ ಖುಷಿ, ಕುಡಿಯಲು ಅಲ್ಲ. ಬಿ.ಸಿ. ರೋಡಿನಿಂದ ಎರಡು ದಾರಿ. ಒಂದು ಹೆದ್ದಾರಿಯಲ್ಲಿ ನಂತೂರಿಗೆ ಹೋಗಿ ಮೂಡುಬಿದಿರೆ ರಸ್ತೆ ಹಿಡಿದು ವಾಮಂಜೂರು. ಇನ್ನೊಂದು ಪೊಳಲಿ, ಕೈಕಂಬ, ಗುರುಪುರ ದಾಟಿ ವಾಮಂಜೂರು. ಎರಡನೆಯದರಲ್ಲಿ ಪೇಟೆಯ ಗಲಾಟೆ ಇಲ್ಲ, ತೋಟ, ಗದ್ದೆ ನೋಡುತ್ತ ಹೋಗಬಹುದು. ಆದರೆ ಹಿರಿಯರು ಜೊತೆಗಿದ್ದರೆ ಪೊಳಲಿ ರಾಜರಾಜೇಶ್ವರಿಗೆ ಕೈಮುಗಿಯದೆ ಮುಂದೆ ಹೋಗಲು ಬಿಡುವುದಿಲ್ಲ. ಮುಕ್ಕಾಲು ಗಂಟೆ ಅದಕ್ಕೇ ಎತ್ತಿಡಿ. ವಾಮಂಜೂರಿನಿಂದ ಮೂಡುಶೆಡ್ಡೆಯ ಪಿಲಿಕುಳ ಹತ್ತಿರವೇ.

ಬಸ್ಸಿನಲ್ಲಿ ಬರುವವರು ಕೆ.ಎಸ್.ಆರ್.ಟಿ.ಸಿ. ಹಿಡಿದರೆ ರಾಜ್ಯದ ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಮಂಗಳೂರು ಪೇಟೆಯೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಎಲ್ಲರೂ ದುಡ್ಡು ಕೊಡಬೇಕು, ಚಿಲ್ಲರೆ ಇರಲಿ. ಸ್ಟೇಟ್ ಬ್ಯಾಂಕ್ ಬಸ್ ಸ್ಟಾಂಡಿನಲ್ಲಿ ಪಿಲಿಕುಳ ಎಂದು ಕೇಳಿ. ಸಿಗದಿದ್ದರೆ ವಾಮಂಜೂರಿಗೆ ಬಂದು ರಿಕ್ಷಾ ಮಾಡಿ.

ಪಿಲಿಕುಳದಲ್ಲಿ ಏನು ನೋಡುವುದು, ಏನು ಬಿಡುವುದು

ಪೂರ್ತಿ ಹೆಸರು ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. ಮುನ್ನೂರು ಎಕರೆಗಿಂತ ದೊಡ್ಡ ಜಾಗ. ಮೃಗಾಲಯ, ಕೆರೆ, ಗುತ್ತಿನ ಮನೆ, ಕುಶಲಕರ್ಮಿಗಳ ಹಳ್ಳಿ, ವಿಜ್ಞಾನ ಕೇಂದ್ರ, ತಾರಾಲಯ, ಪಶ್ಚಿಮ ಘಟ್ಟದ ಗಿಡಮರಗಳ ವನ, ನೀರಾಟದ ಪಾರ್ಕು, ಎಲ್ಲವೂ ಇದೇ ಆವರಣದಲ್ಲಿ. ಒಂದರಿಂದ ಇನ್ನೊಂದಕ್ಕೆ ನಡಿಗೆ ಇದೆ, ಬೇರೆ ಬೇರೆ ಟಿಕೆಟ್ ಇದೆ. ಎಲ್ಲ ನೋಡುತ್ತೇವೆ ಎಂದು ಹೊರಟವರ ಮಕ್ಕಳು ಮಧ್ಯಾಹ್ನ ಎರಡಕ್ಕೆ ಹೆಗಲ ಮೇಲೆ ನಿದ್ದೆ ಮಾಡುತ್ತಿರುತ್ತಾರೆ, ನೋಡಿ.

ನೀರಾಟದ ಪಾರ್ಕನ್ನು ಮೊದಲೇ ಬಿಡಿ. ಸಂಜೆ ಕಡಲೇ ಇರುವಾಗ ಅದು ಯಾಕೆ?

ಒಂಬತ್ತೂವರೆ ಸುಮಾರಿಗೆ, ಮೃಗಾಲಯದ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ. ಹೆಚ್ಚು ನಡೆಯಲಾಗದವರು ಜೊತೆಗಿದ್ದರೆ ಒಳಗೆ ಸುತ್ತಿಸುವ ಗಾಡಿ ಇದೆಯೇ ಎಂದು ಟಿಕೆಟ್ ಕೌಂಟರಿನಲ್ಲೇ ಕೇಳಿ. ಸೀದಾ ಹುಲಿ, ಚಿರತೆಯ ಕಡೆ ನಡೆಯಿರಿ, ಬಿಸಿಲು ಏರುವ ಮೊದಲು ಅವು ಎದ್ದಿರುತ್ತವೆ. ಜಿಂಕೆ, ಕಡವೆ ಎಷ್ಟು ಹೊತ್ತಿಗೂ ಕಾಣುತ್ತವೆ, ವಾಪಸ್ ಬರುವಾಗ ನೋಡಿ. ನೀರುಕುದುರೆ ಬಿಸಿಲು ಏರಿದ ಮೇಲೆ ನೀರಿನಿಂದ ಮೂಗು, ಕಿವಿ ಮಾತ್ರ ಹೊರಗಿಡುತ್ತದೆ. ಸೀಳುನಾಯಿಯ ಹತ್ತಿರ ಸ್ವಲ್ಪ ಸುಮ್ಮನೆ ನಿಲ್ಲಿ. ಅದು ಊರ ನಾಯಿಯ ಹಾಗೆ ಬೊಗಳುವುದಿಲ್ಲ, ಶಿಳ್ಳೆ ಹಾಕುತ್ತದೆ. ನಿಮ್ಮ ಅದೃಷ್ಟಕ್ಕೆ ಅದು ಶಿಳ್ಳೆ ಹಾಕಿದರೆ ಮಕ್ಕಳು ಮನೆಗೆ ಹೋಗುವವರೆಗೂ ಅದನ್ನೇ ಮಾಡುತ್ತಿರುತ್ತಾರೆ.

ನಮ್ಮ ಕಡೆಯವರಿಗೆ ಹೆಚ್ಚು ಹೊತ್ತು ಹಿಡಿಯುವುದು ಕಾಳಿಂಗ ಸರ್ಪದ ಹತ್ತಿರ. ಪುತ್ತೂರು, ಸುಳ್ಯದ ತೋಟಗಳಲ್ಲಿ ಅದು ಬಂದ ಕತೆ ಪ್ರತಿ ಮನೆಯಲ್ಲೂ ಒಂದಿದೆ. ಕತೆಗಳಲ್ಲಿ ಅದರ ಉದ್ದ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಇಲ್ಲಿ ಗಾಜಿನ ಆಚೆ ಸಮಾಧಾನದಿಂದ ನೋಡಬಹುದು. ವಿಷದ ಹಾವುಗಳಲ್ಲಿ ಇದೇ ಅತಿ ಉದ್ದದ್ದು. ಇದರ ಮುಖ್ಯ ಊಟ ಬೇರೆ ಹಾವುಗಳು, ಕೇರೆ ಹಾವನ್ನು ಹುಡುಕಿಕೊಂಡೇ ಅದು ನಮ್ಮ ಹಟ್ಟಿ, ಕೊಟ್ಟಿಗೆಯ ಹತ್ತಿರ ಬರುವುದು. ಹೆಣ್ಣು ಕಾಳಿಂಗ ತರಗೆಲೆ ಗುಡ್ಡೆ ಹಾಕಿ ಗೂಡು ಮಾಡಿ ಮೊಟ್ಟೆ ಇಡುತ್ತದೆ, ಇದನ್ನು ಹೇಳಿದರೆ ಮಕ್ಕಳು ನಂಬುವುದಿಲ್ಲ. ಇವುಗಳ ಮರಿ ಮಾಡಿಸುವ ಕೆಲಸವೂ ಪಿಲಿಕುಳದಲ್ಲಿ ನಡೆದಿದೆ. ಕಾಳಿಂಗ ಒಂದೇ ಜಾತಿಯಲ್ಲ, ನಾಲ್ಕು ಜಾತಿ ಎಂದು ವಿಜ್ಞಾನಿಗಳು 2024ರಲ್ಲಿ ಬೇರ್ಪಡಿಸಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಕಾಳಿಂಗ ಎಂಬ ನಮ್ಮ ಹೆಸರನ್ನೇ ವೈಜ್ಞಾನಿಕ ಹೆಸರಿನಲ್ಲಿ ಸೇರಿಸಿದ್ದಾರೆ. ಅತ್ತೆಗೆ ಇದನ್ನು ಹೇಳಿದಾಗ, "ಮತ್ತೆ ಬೇರೆ ಯಾವ ಹೆಸರು ಇಡುವುದು?" ಎಂದರು.

ಗಾಜು ತಟ್ಟುವುದು, ಕೂಗುವುದು, ಚಿಪ್ಸ್ ಎಸೆಯುವುದು ಬೇಡ ಎಂದು ಮಕ್ಕಳಿಗೆ ಗೇಟಿನಲ್ಲೇ ಹೇಳಿ. ದೊಡ್ಡವರಿಗೂ ಹೇಳಬೇಕಾಗುತ್ತದೆ, ಏನು ಮಾಡುವುದು. ತಿಂಡಿ ಪೊಟ್ಟಣ ಬ್ಯಾಗಿನೊಳಗೇ ಇರಲಿ, ಮಂಗಗಳಿಗೆ ನಾಚಿಕೆ ಇಲ್ಲ.

ಹನ್ನೆರಡಕ್ಕೆ ಮೃಗಾಲಯದಿಂದ ಹೊರಗೆ ಬನ್ನಿ. ಊಟಕ್ಕೆ ನಾವು ಮನೆಯಿಂದಲೇ ಒಯ್ಯುತ್ತೇವೆ. ನೀರುದೋಸೆ ಬೇಡ, ಮಧ್ಯಾಹ್ನಕ್ಕೆ ಅಂಟಿಕೊಂಡು ಮುದ್ದೆಯಾಗಿರುತ್ತದೆ. ಬನ್ಸ್ ಒಳ್ಳೆಯದು, ಬೆಳಿಗ್ಗೆ ಕರಿದದ್ದು ಸಂಜೆಗೂ ಮೆತ್ತಗೆ ಇರುತ್ತದೆ, ಸಕ್ಕರೆ, ಬಾಳೆಹಣ್ಣು ಇರುವುದರಿಂದ ಮಕ್ಕಳು ಬೇರೇನೂ ಕೇಳದೆ ತಿನ್ನುತ್ತಾರೆ. ದೊಡ್ಡವರಿಗೆ ಚಿತ್ರಾನ್ನ, ಉಪ್ಪಿನಕಾಯಿ. ಕಾಯಿ ಹಾಕಿದ ಚಟ್ನಿ, ಪಲ್ಯ ಒಯ್ಯಬೇಡಿ, ಈ ಸೆಕೆಗೆ ಹಳಸುತ್ತದೆ. ಪುನರ್ಪುಳಿ (ಕೋಕಂ) ಶರಬತ್ತಿಗೆ ಒಂದು ಚಿಟಿಕೆ ಉಪ್ಪು ಸೇರಿಸಿ ಬಾಟಲಿಯಲ್ಲಿ ಇಟ್ಟುಕೊಂಡರೆ ಬೆವರಿ ಸೋತವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಊಟದ ನಂತರ ಎಲೆ, ಕಾಗದ ನಿಮ್ಮ ಚೀಲದಲ್ಲೇ ವಾಪಸ್ ಬರಲಿ.

ಊಟ ಆದ ಮೇಲೆ ಎರಡು ಗುಂಪು ಮಾಡುತ್ತೇವೆ. ಈ ಉಪಾಯ ನಮ್ಮವರದ್ದು. ಅತ್ತೆ ಮತ್ತು ನಾನು ಗುತ್ತಿನ ಮನೆಗೆ. ತುಳುನಾಡಿನ ಹಳೆಯ ದೊಡ್ಡ ಮನೆಗಳ ಮಾದರಿಯಲ್ಲಿ ಕಟ್ಟಿದ್ದು, ಅಂಗಳ, ಚಾವಡಿ, ಮರದ ಕಂಬ, ಹಳೆಯ ಕಾಲದ ಸಾಮಾನು ಎಲ್ಲ ಇವೆ. ಅತ್ತೆ ಒಂದೊಂದು ಪಾತ್ರೆಯ ಹತ್ತಿರವೂ ನಿಂತು ಅದರಲ್ಲಿ ಏನು ಬೇಯಿಸುತ್ತಿದ್ದರು ಎಂದು ಹೇಳುತ್ತಾರೆ. ತಂಪೂ ಇದೆ, ಕೂರಲು ಜಾಗವೂ ಇದೆ. ಮಕ್ಕಳು, ನಾದಿನಿ, ನಮ್ಮವರು ತಾರಾಲಯಕ್ಕೆ. ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ಶುರುವಾದದ್ದು, ಒಳಗೆ ತ್ರೀಡಿ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಆಕಾಶ ನೋಡುವುದು. ಒಳಗೆ ಎ.ಸಿ. ಇರುವುದರಿಂದ ಮಧ್ಯಾಹ್ನದ ಸೆಕೆಗೆ ಹೇಳಿ ಮಾಡಿಸಿದ ಜಾಗ. ಕನ್ನಡದ ಪ್ರದರ್ಶನ ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆ ಬಂದ ಕೂಡಲೇ ಕೇಳಿಡಿ. ಕತ್ತಲೆಗೆ ಹೆದರುವ ಸಣ್ಣ ಮಕ್ಕಳಿದ್ದರೆ ತಾರಾಲಯ ಬಿಟ್ಟು ವಿಜ್ಞಾನ ಕೇಂದ್ರಕ್ಕೆ ಹೋಗಿ, ಅಲ್ಲಿ ಮುಟ್ಟಿ, ತಿರುಗಿಸಿ, ಎಳೆದು ನೋಡುವ ಸಾಮಾನುಗಳಿವೆ. ಎರಡೂ ನೋಡಲು ಹೊರಟರೆ ಕಡಲಿಗೆ ತಡವಾಗುತ್ತದೆ.

ಮೂರಕ್ಕೆ ಗಾಡಿ ಹತ್ತಬೇಕು. ಹತ್ತುವ ಮೊದಲು ಎಲ್ಲರೂ ಶೌಚಾಲಯಕ್ಕೆ, "ನನಗೆ ಬೇಡ" ಎನ್ನುವವರು ಮೊದಲು.

ಕಡಲಿಗೆ ದೋಣಿಯಲ್ಲಿ

ಮಂಗಳೂರಿನ ಸುತ್ತ ಬೀಚಿಗೆ ಬರವಿಲ್ಲ. ಪಣಂಬೂರಿನಲ್ಲಿ ಅಂಗಡಿ, ಆಟ, ಗದ್ದಲ ಎಲ್ಲ ಜಾಸ್ತಿ. ಸುರತ್ಕಲ್, ಸೋಮೇಶ್ವರದಲ್ಲಿ ಬಂಡೆಗಳಿವೆ, ನೋಡಲು ಚೆಂದ, ಆದರೆ ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಕ್ಕಳನ್ನು ಹಿಡಿದುಕೊಳ್ಳುವುದೇ ಕೆಲಸವಾಗುತ್ತದೆ. ಸಸಿಹಿತ್ಲು ಸರ್ಫಿಂಗ್ ಮಾಡುವವರಿಗೆ. ನನಗೆ ತಣ್ಣೀರುಬಾವಿಯೇ ಇಷ್ಟ, ಮುಖ್ಯವಾಗಿ ನೆರಳಿಗಾಗಿ. ದಡದ ಹಿಂದೆ ಗಾಳಿಮರಗಳ ಸಾಲು ಇದೆ, ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಇದೆ. ಮುದುಕರು, ಸಣ್ಣ ಮಕ್ಕಳು ಇರುವ ಸಂಸಾರಕ್ಕೆ ಬಿಸಿಲಿನಿಂದ ಎದ್ದುಹೋಗಿ ಕೂರಲು ಒಂದು ಮರ ಬೇಕೇ ಬೇಕು.

ಗಾಡಿಯಲ್ಲೇ ಹೋಗುವುದಾದರೆ ವಾಮಂಜೂರಿನಿಂದ ಪಚ್ಚನಾಡಿ, ಬೋಂದೆಲ್, ಕಾವೂರು ಆಗಿ ಕೂಳೂರಿಗೆ ಬಂದು, ಸೇತುವೆ ದಾಟಿ ಎಡಕ್ಕೆ ತಣ್ಣೀರುಬಾವಿ ರಸ್ತೆ ಹಿಡಿಯಬೇಕು. ಕೂಳೂರು ಸೇತುವೆಯಲ್ಲಿ ವಾಹನ ನಿಂತರೆ ನಿಂತಿತು. ನಾವು ಇನ್ನೊಂದು ದಾರಿ ಹಿಡಿಯುತ್ತೇವೆ. ನಂತೂರು, ಲಾಲ್‌ಬಾಗ್, ಉರ್ವ ದಾಟಿ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ ಗಾಡಿ ಅಲ್ಲೇ ನಿಲ್ಲಿಸುತ್ತೇವೆ. ಅಲ್ಲಿಂದ ಫಲ್ಗುಣಿ ನದಿಯನ್ನು ಫೆರಿಯಲ್ಲಿ ದಾಟಿದರೆ ಆಚೆ ದಡವೇ ತಣ್ಣೀರುಬಾವಿ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಚಾಚಿದ ನೆಲ. ದೋಣಿ ಇಳಿದು ಸ್ವಲ್ಪ ನಡೆದರೆ ಅಲೆಯ ಸದ್ದು ಕೇಳುತ್ತದೆ. ಬಸ್ಸಿನವರಿಗೂ ಇದೇ ಸುಲಭ, ಸ್ಟೇಟ್ ಬ್ಯಾಂಕಿನಿಂದ ಸುಲ್ತಾನ್ ಬತ್ತೇರಿಗೆ ಬಸ್ಸಿದೆ. ದೋಣಿಯಲ್ಲಿ ಆಕಾಶ ನೋಡಲು ಹೇಳಿ. ಬಿಳಿ ತಲೆ, ಕೆಂಗಂದು ರೆಕ್ಕೆಯ ಗರುಡ ನೀರಿನ ಮೇಲೆ ಸುತ್ತುತ್ತಿರುತ್ತದೆ.

ಫೆರಿ ಹತ್ತುವ ಮೊದಲೇ ಎರಡು ಪ್ರಶ್ನೆ ಕೇಳಿ: ಇವತ್ತು ಕೊನೆಯ ದೋಣಿ ಎಷ್ಟು ಹೊತ್ತಿಗೆ, ಲೈಫ್ ಜಾಕೆಟ್ ಎಲ್ಲಿ. ಮಳೆ, ಗಾಳಿ ಇದ್ದ ದಿನ ದೋಣಿ ಬಿಡದೇ ಇರಬಹುದು. ಜನ ತುಂಬಿ ತುಳುಕುತ್ತಿದ್ದರೆ ಒಂದು ದೋಣಿ ಬಿಟ್ಟು ಇನ್ನೊಂದಕ್ಕೆ ಹತ್ತಿ.

ಕಾಯುವ ಹೊತ್ತಿನಲ್ಲಿ ಬತ್ತೇರಿಯ ಮೆಟ್ಟಿಲು ಹತ್ತಿಸಿ. ಕಪ್ಪು ಕಲ್ಲಿನ ಕಾವಲು ಬುರುಜು, ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ್ದು. ನದಿಯೊಳಗೆ ಬರುವ ಶತ್ರುಗಳ ಹಡಗು ತಡೆಯಲು. ಫಿರಂಗಿ ಇಡುವ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರೆ ಮಕ್ಕಳಿಗೆ ನೀವು ಹೇಳದೆಯೇ ಅರ್ಥವಾಗುತ್ತದೆ.

ನೀರಿಗಿಳಿಯುವ ನಿಯಮಗಳು

ಇದರಲ್ಲಿ ನಾನು ಬಿಗಿ. ಮೊದಲು ಲೈಫ್‌ಗಾರ್ಡ್ ಎಲ್ಲಿದ್ದಾರೆ ನೋಡಿ, ಅವರ ಹತ್ತಿರ ಹೋಗಿ ಇವತ್ತು ಎಲ್ಲಿ ಇಳಿಯಬಹುದು ಎಂದು ಕೇಳಿ. ಕೆಂಪು ಬಾವುಟ ಇದ್ದಲ್ಲಿ ಇಳಿಯಲೇಬೇಡಿ. ಮಕ್ಕಳಿಗೆ ಮೊಣಕಾಲು, ದೊಡ್ಡವರಿಗೆ ಸೊಂಟ, ಅದಕ್ಕಿಂತ ಆಳಕ್ಕೆ ಯಾರೂ ಹೋಗುವಂತಿಲ್ಲ. ಈಜು ಬರುತ್ತದೆ ಎನ್ನುವವರನ್ನು ಜಾಸ್ತಿ ಗಮನಿಸಿ. ಕೆರೆಯಲ್ಲಿ ಕಲಿತ ಈಜು ಕಡಲಿನಲ್ಲಿ ಸಾಲುವುದಿಲ್ಲ. ಮಗುವಿನ ಬೆರಳು ಹಿಡಿಯಬೇಡಿ, ಜಾರುತ್ತದೆ. ಮಣಿಕಟ್ಟು ಹಿಡಿಯಿರಿ. ಅಲೆಗೆ ಬೆನ್ನು ಹಾಕಿ ಫೋಟೋಗೆ ನಿಲ್ಲಬೇಡಿ. ದೊಡ್ಡ ಅಲೆ ಯಾವಾಗಲೂ ಬೆನ್ನ ಹಿಂದೆಯೇ ಬರುತ್ತದೆ.

ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ಸಪಾಟಾಗಿ, ಕಪ್ಪಾಗಿ ಅಥವಾ ಕೆಸರಾಗಿ ಕಂಡರೆ ಅದು ಒಳ್ಳೆಯ ಜಾಗ ಎಂದುಕೊಳ್ಳುತ್ತಾರೆ. ಅಲ್ಲ. ದಡಕ್ಕೆ ಬಂದ ನೀರು ಅಲ್ಲಿಂದಲೇ ಜೋರಾಗಿ ಕಡಲಿಗೆ ವಾಪಸ್ ಹೋಗುತ್ತಿರುತ್ತದೆ. ಅದರಲ್ಲಿ ಸಿಕ್ಕಿದರೆ ದಡದ ಕಡೆ ಎದುರು ಈಜಿ ಸೋಲಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಎಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು, ಕೈ ಎತ್ತಿ ಕೂಗಬೇಕು. ದಡದಲ್ಲಿದ್ದವರು ಕಾಪಾಡಲು ತಾವೇ ಹಾರಬಾರದು, ಲೈಫ್‌ಗಾರ್ಡನ್ನು ಕರೆಯಬೇಕು, ತೇಲುವ ಏನನ್ನಾದರೂ ಎಸೆಯಬೇಕು. ದಕ್ಷಿಣಕ್ಕೆ ಬೆಂಗ್ರೆಯ ತುದಿಯಲ್ಲಿ ಅಳಿವೆ ಇದೆ, ನೇತ್ರಾವತಿ ಮತ್ತು ಫಲ್ಗುಣಿ ಕಡಲು ಸೇರುವ ಜಾಗ. ನೋಡಲು ಹೋಗಿ, ನೀರಿಗೆ ಕಾಲು ಹಾಕಬೇಡಿ.

ಜೆಲ್ಲಿಫಿಶ್ ತಾಗಿ ಉರಿ ಬಂದರೆ ಮರಳು ಹಾಕಿ ಉಜ್ಜುವುದು, ಸಿಹಿನೀರಲ್ಲಿ ತೊಳೆಯುವುದು ಬೇಡ. ಕಡಲ ನೀರಲ್ಲೇ ತೊಳೆದು, ಅಂಟಿದ ಎಳೆಗಳನ್ನು ಎ.ಟಿ.ಎಂ. ಕಾರ್ಡಿನಂಥ ಯಾವುದಾದರೂ ಅಂಚಿನಿಂದ ಮೆಲ್ಲಗೆ ಎತ್ತಿ ತೆಗೆಯಿರಿ. ತಡೆಯುವಷ್ಟು ಬಿಸಿನೀರು ಸಿಕ್ಕರೆ ಆ ಜಾಗ ಮುಳುಗಿಸಿಡಿ. ಉಸಿರಾಟಕ್ಕೆ ತೊಂದರೆ, ಮೈಯೆಲ್ಲ ದದ್ದು ಎದ್ದರೆ ತಡಮಾಡದೆ ಆಸ್ಪತ್ರೆ.

ನೀರಿಗಿಳಿಯದೆ ನೋಡುವುದು

ಅರ್ಧ ಗಂಟೆ ನೀರಾಟ ಆದ ಮೇಲೆ ಮಕ್ಕಳನ್ನು ಹೊರಗೆ ಕರೆಯಲು ಒಂದು ಕಾರಣ ಬೇಕು. ನಾನು ಅವರ ಕೈಗೆ ಹುಡುಕುವ ಕೆಲಸ ಕೊಡುತ್ತೇನೆ.

ಅಲೆ ಹಿಂದೆ ಸರಿದ ಕೂಡಲೇ ಒದ್ದೆ ಮರಳಿನಲ್ಲಿ ಸಣ್ಣ ಚಿಪ್ಪುಗಳು ಗಡಿಬಿಡಿಯಿಂದ ಒಳಗೆ ಹೂತುಕೊಳ್ಳುವುದನ್ನು ನೋಡಿ. ಒಳಗೆ ಜೀವ ಇರುತ್ತದೆ, ಕೈಯಲ್ಲಿಟ್ಟು ನೋಡಿ ವಾಪಸ್ ಬಿಡಿ. ಸ್ವಲ್ಪ ಮೇಲೆ, ಸಾಸಿವೆಯಂಥ ಮರಳಿನ ಉಂಡೆಗಳು ತೂತಿನ ಸುತ್ತ ರಂಗೋಲಿ ಹಾಕಿದ ಹಾಗೆ ಹರಡಿರುತ್ತವೆ. ಸಣ್ಣ ಏಡಿ ಮರಳನ್ನು ಬಾಯಿಗೆ ಹಾಕಿ, ಅದರಲ್ಲಿನ ಆಹಾರ ಸೋಸಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಎಸೆದದ್ದು ಅದು. ಇನ್ನೂ ಮೇಲೆ ಮುಷ್ಟಿ ಹೋಗುವಷ್ಟು ದೊಡ್ಡ ಬಿಲವಿದ್ದರೆ ಅದು ಓಟಗಾರ ಏಡಿಯದ್ದು. ದೂರದಲ್ಲಿ ಅಲ್ಲಾಡದೆ ಕೂತರೆ ಹೊರಗೆ ಬರುತ್ತದೆ. ಐದು ವರ್ಷದವನು ಅಲ್ಲಾಡದೆ ಕೂರುವುದನ್ನು ನಾನು ನೋಡಿದ್ದು ಅಲ್ಲಿ ಮಾತ್ರ.

ಅಂಗೈ ಉದ್ದದ, ಹಗುರವಾದ ಬಿಳಿ ಚಿಪ್ಪು ಸಿಕ್ಕರೆ ಅದು ಕಪ್ಪೆ ಬೊಂಡಾಸಿನ (ಕಟಲ್‌ಫಿಶ್) ಬೆನ್ನಿನೊಳಗಿನದು. ಲವ್‌ಬರ್ಡ್ ಸಾಕುವವರು ಪಂಜರದಲ್ಲಿ ಕಟ್ಟಿರುತ್ತಾರಲ್ಲ, ಅದೇ. ಶಂಖದಂಥ ಖಾಲಿ ಚಿಪ್ಪನ್ನು ಎತ್ತುವ ಮೊದಲು ಒಳಗೆ ಸನ್ಯಾಸಿ ಏಡಿ ಇದೆಯೇ ನೋಡಿ. ಚಿಪ್ಪು ಮನೆಗೆ ತರಬೇಡಿ, ಫೋಟೋ ಸಾಕು. ದಡದ ಮೇಲ್ಭಾಗದಲ್ಲಿ ನೇರಳೆ ಹೂ ಬಿಟ್ಟು ನೆಲಕ್ಕೆ ಹಬ್ಬಿದ ಬಳ್ಳಿಯನ್ನೂ, ಮುಳ್ಳಿನ ಚೆಂಡಿನಂತೆ ಗಾಳಿಗೆ ಉರುಳುವ ರಾವಣನ ಮೀಸೆಯನ್ನೂ ಕೀಳಲು ಬಿಡಬೇಡಿ. ಮರಳು ಹಾರಿಹೋಗದಂತೆ ಹಿಡಿದಿಟ್ಟಿರುವುದು ಇವೇ.

ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಈ ಕರಾವಳಿಗೆ ಮೊಟ್ಟೆ ಇಡಲು ಬರುತ್ತವೆ. 2024ರ ಶುರುವಿನಲ್ಲಿ ಮಂಗಳೂರಿನ ಸುತ್ತಲಿನ ಮರಳಿನಲ್ಲಿ ಗೂಡುಗಳು ಸಿಕ್ಕಿ, ಅರಣ್ಯ ಇಲಾಖೆ ಬೇಲಿ ಹಾಕಿ ಕಾದಿತ್ತು. ಅಂಥ ಬೇಲಿ ಕಂಡರೆ ಹತ್ತಿರ ಹೋಗಬೇಡಿ, ನಾಯಿ ಅಗೆಯುತ್ತಿದ್ದರೆ ಅಲ್ಲಿನವರಿಗೆ ಹೇಳಿ. ಉತ್ತರಕ್ಕೆ ಕಣ್ಣು ಹಾಯಿಸಿದರೆ ನವಮಂಗಳೂರು ಬಂದರಿಗೆ ಕಾಯುತ್ತ ನಿಂತ ಹಡಗುಗಳು ಕಾಣುತ್ತವೆ. ಕೈರಂಪಣಿ ಬಲೆ ಎಳೆಯುವವರು ಕಂಡರೆ ಏಡಿ, ಚಿಪ್ಪು ಎಲ್ಲ ಬಿಟ್ಟು ಅಲ್ಲಿಗೆ ಓಡಿ. ಎರಡೂ ಕಡೆ ಸಾಲಾಗಿ ನಿಂತು ಹಗ್ಗ ಎಳೆದು ಬಲೆ ದಡಕ್ಕೆ ತರುತ್ತಾರೆ. ಅಡ್ಡ ನಿಲ್ಲದೆ ಪಕ್ಕದಲ್ಲಿ ನಿಂತು ನೋಡಿದರೆ ಯಾರೂ ಬೇಡ ಎನ್ನುವುದಿಲ್ಲ.

ತಿನ್ನಲು ಚರುಮುರಿ, ಕುಡಿಯಲು ಬೊಂಡ (ಎಳನೀರು) ಸಾಕು. ಗಡ್‌ಬಡ್ ಬೇಕೆಂದು ನಾದಿನಿ ಹಟ ಮಾಡಿದರೆ ವಾಪಸ್ ಹೋಗುವಾಗ ಪೇಟೆಯಲ್ಲಿ.

ವಾಪಸ್

ಡಿಸೆಂಬರ್ ಕೊನೆಗೆ ಸೂರ್ಯ ಆರೂಕಾಲಿನ ಒಳಗೇ ಮುಳುಗುತ್ತಾನೆ, ಫೆಬ್ರವರಿಯಲ್ಲಿ ಆರೂವರೆ ದಾಟುತ್ತದೆ. ಮುಳುಗುವ ಅರ್ಧ ಗಂಟೆ ಮೊದಲೇ ಎಲ್ಲರನ್ನೂ ನೀರಿನಿಂದ ಹೊರಗೆ ತನ್ನಿ. ಬೈರಾಸಿನ ಡೇರೆಯಲ್ಲಿ ಒಬ್ಬೊಬ್ಬರಾಗಿ ಬಟ್ಟೆ ಬದಲಿಸಿ, ಕಾಲಿಗೆ ಪೌಡರ್ ಹಚ್ಚಿ, ಸೀರೆ ಮಡಚಿಟ್ಟು, ಆಮೇಲೆ ಒಣ ಬಟ್ಟೆಯಲ್ಲಿ ಕೂತು ಸೂರ್ಯ ನೋಡಿ. ಅತ್ತೆಗೆ ಕಡಲು ಎಂದರೆ ಈ ಇಪ್ಪತ್ತು ನಿಮಿಷ ಮಾತ್ರ. ಮುಳುಗಿದ ಮೇಲೆ ಬೇಗ ಕತ್ತಲಾಗುತ್ತದೆ, ಮಕ್ಕಳ ತಲೆ ಎಣಿಸಿ ದೋಣಿಯ ಕಡೆ ನಡೆಯಿರಿ. ಕೊನೆಯ ದೋಣಿಗೆ ಕಾಯಬೇಡಿ, ಅದರ ಹಿಂದಿನದ್ದಕ್ಕೆ ಹೋಗಿ.

ಮನೆ ಮುಟ್ಟುವಾಗ ಒಂಬತ್ತು. ಎಷ್ಟೇ ಸುಸ್ತಾಗಿದ್ದರೂ ಅಕ್ಕಿ ಚೀಲವನ್ನು ಹಾಗೇ ಬಿಡಬೇಡಿ. ಒದ್ದೆ ಬಟ್ಟೆಯನ್ನು ಅಂಗಳದಲ್ಲೇ ಕೊಡವಿ, ಬಕೆಟಿನ ಸಾದಾ ನೀರಿನಲ್ಲಿ ಎರಡು ಸಲ ಜಾಲಿಸಿ ಹರಡಿ. ಸೋಪು ನಾಳೆ ಹಾಕಿದರಾಯಿತು. ಮರಳು ಸಮೇತ ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಮೆಷಿನ್ನೂ ಹಾಳು, ಬಟ್ಟೆಯೂ ಸವೆಯುತ್ತದೆ. ಲೋಹದ ಜಿಪ್, ಹುಕ್ ಇರುವುದನ್ನು ಬೇರೆ ತೆಗೆದು ಸಿಹಿನೀರಲ್ಲಿ ಚೆನ್ನಾಗಿ ತೊಳೆಯಿರಿ, ಉಪ್ಪು ಕುಳಿತರೆ ತುಕ್ಕು ಹಿಡಿದು ಬಟ್ಟೆಗೂ ಕಲೆ ಬೀಳುತ್ತದೆ. ಒಣಗಿದ ಮೇಲೆ ಜಿಪ್ಪಿನ ಹಲ್ಲಿಗೆ ಮೇಣದ ಬತ್ತಿ ಉಜ್ಜಿ ನಾಲ್ಕು ಸಲ ಎಳೆದು ಬಿಡಿ. ಹೊಲಿದು ಮುಚ್ಚಿದ ಪಾಕೆಟ್ ಬಿಚ್ಚಲು ಮರೆಯಬೇಡಿ, ಸೋಮವಾರ ಶಾಲೆಗೆ ಅದೇ ಚಡ್ಡಿ ಹಾಕಿಕೊಂಡು ಹೋದರೆ ಕರವಸ್ತ್ರ ಇಡಲು ಜಾಗ ಇಲ್ಲ ಎಂದು ವಾಪಸ್ ಬರುತ್ತಾರೆ.